ನಿಮ್ಮ ಮಂಡಿಗೆ ಎಷ್ಟು ಎತ್ತರದ ಸ್ಟೆಪ್?

ಪ್ರಶ್ನೆ: ಮೇಡಂ, ನನಗೆ 46 ವರ್ಷ, ಎತ್ತರ 5 ಅಡಿ 1 ಇಂಚು, ತೂಕ 62 ಕೆ.ಜಿ. ವೀಡಿಯೊ ನೋಡಿಕೊಂಡು ಮನೆಯಲ್ಲೇ ಡಂಬೆಲ್ ವ್ಯಾಯಾಮ ಶುರು ಮಾಡಿದ್ದೇನೆ. ಅದರಲ್ಲಿ ಹೇಳಿಕೊಡುವವರು ಸ್ಟೆಪ್ ಅನ್ನೋ ಎತ್ತರದ ಮಣೆ ಹತ್ತಿ ಇಳಿಯುತ್ತಾರೆ, ಅದರ ಮೇಲೇ ಮಲಗಿ ಎದೆಯ ವ್ಯಾಯಾಮವನ್ನೂ ಮಾಡುತ್ತಾರೆ. ನಾನೂ ಒಂದು ಕೊಳ್ಳಬೇಕು ಅಂದುಕೊಂಡಿದ್ದೇನೆ. 4 ಇಂಚು, 6 ಇಂಚು, 8 ಇಂಚು ಅಂತೆಲ್ಲ ಇವೆ. ಅದರಲ್ಲೂ ಚಿಕ್ಕದು, ದೊಡ್ಡದು ಬೇರೆ. ಯಾವುದು ತೆಗೆದುಕೊಳ್ಳಲಿ? ಮಂಡಿ ನೋವು ಸದ್ಯಕ್ಕಿಲ್ಲ, ಮುಂದೆಯೂ ಬರಬಾರದು ಅನ್ನೋದು ನನ್ನ ಆಸೆ.

ಉತ್ತರ: ಕೆಳಗೆ ಬ್ಲಾಕ್‌ಗಳನ್ನು (ಕಾಲಿನಂತೆ ಜೋಡಿಸುವ ತುಂಡುಗಳನ್ನು) ಸೇರಿಸಿ ಎತ್ತರ ಬದಲಾಯಿಸಲು ಬರುವ, ಉದ್ದನೆಯ ಸ್ಟೆಪ್ ತೆಗೆದುಕೊಳ್ಳಿ. 6 ಇಂಚಿನಲ್ಲಿ ಶುರು ಮಾಡಿ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ. ಕಾರಣ ಗೊತ್ತಾದರೆ ಆರು ತಿಂಗಳ ಮೇಲೆ ಎತ್ತರ ಏರಿಸಬೇಕೋ ಬೇಡವೋ ಅಂತ ನೀವೇ ತೀರ್ಮಾನಿಸಬಹುದು.

ಈ 4, 6, 8 ಇಂಚಿನ ಲೆಕ್ಕ ಬಂದಿರೋದು ಸ್ಟೆಪ್ ಏರೋಬಿಕ್ಸ್‌ನಿಂದ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಏರೋಬಿಕ್ಸ್ ಶಿಕ್ಷಕಿ ಜಿನ್ ಮಿಲ್ಲರ್ ಮಂಡಿಗೆ ಪೆಟ್ಟಾದ ಮೇಲೆ ಅದನ್ನು ಗಟ್ಟಿ ಮಾಡಿಕೊಳ್ಳಲು ಹತ್ತಿ ಇಳಿಯುವ ವ್ಯಾಯಾಮ ಶುರು ಮಾಡಿದರು. ಅದೇ ಮುಂದೆ ಸಂಗೀತದ ತಾಳಕ್ಕೆ ಮಾಡುವ ಸ್ಟೆಪ್ ಏರೋಬಿಕ್ಸ್ ಆಗಿ ಬೆಳೆಯಿತು. ಅಲ್ಲಿ ವೇಗ ಜಾಸ್ತಿ, ಒಂದೇ ಸಮನೆ ನೂರಾರು ಸಲ ಹತ್ತಬೇಕು. ಹಾಗಾಗಿ ಎತ್ತರ ಕಡಿಮೆ. ನೀವು ಮಾಡುತ್ತಿರೋದು ಬೇರೆ. ನಿಧಾನವಾಗಿ, ಕಾಲಿಗೆ ಹತ್ತು ಹನ್ನೆರಡು ಸಲ, ಕೈಯಲ್ಲಿ ತೂಕ ಹಿಡಿದು. ಇದಕ್ಕೆ 8 ಇಂಚಿಗಿಂತ ಮೇಲೂ ಹೋಗಬಹುದು. ಆದರೆ ಎಲ್ಲಿವರೆಗೆ ಅನ್ನೋದನ್ನು ನಿಮ್ಮ ಕಾಲೇ ಹೇಳಬೇಕು. ವೀಡಿಯೊದಲ್ಲಿರುವವರು ನಿಮಗಿಂತ ಅರ್ಧ ಅಡಿ ಎತ್ತರ ಇದ್ದರೆ ಅವರ ಲೆಕ್ಕ ನಿಮಗೆ ಹೊಂದುವುದಿಲ್ಲ, ಅಲ್ವಾ?

ಕನ್ನಡಿಗೆ ಪಕ್ಕವಾಗಿ ನಿಂತು ಒಂದು ಪಾದವನ್ನು ಪೂರ್ತಿ ಸ್ಟೆಪ್ ಮೇಲಿಡಿ. ಮಂಡಿ ಸೊಂಟದ ಮಟ್ಟಕ್ಕೆ ಬಂದು ತೊಡೆ ನೆಲಕ್ಕೆ ಸಮನಾಗಿದ್ದರೆ ಅದೇ ಕೊನೆಯ ಮಿತಿ. ಮಂಡಿ ಸೊಂಟಕ್ಕಿಂತ ಮೇಲೆ ಹೋಯಿತೆಂದರೆ ಆ ಎತ್ತರ ನಿಮಗೆ ಬೇಡ. ಮಂಡಿ ಮಡಿಸಿದಷ್ಟೂ ಮಂಡಿಚಿಪ್ಪಿನ ಹಿಂದೆ ಒತ್ತಡ ಏರುತ್ತದೆ. ಆ ಸ್ಥಿತಿಯಿಂದ ಇಡೀ ಮೈ ತೂಕವನ್ನು ಒಂದೇ ಕಾಲಲ್ಲಿ ಎತ್ತಬೇಕಾದಾಗ ಮೈ ಮುಂದಕ್ಕೆ ಬಾಗುತ್ತದೆ, ಸೊಂಟ ಒಂದು ಕಡೆ ವಾಲುತ್ತದೆ.

ಮಿತಿಯೊಳಗೇ ಇದ್ದರೂ ಇನ್ನೊಂದು ಪರೀಕ್ಷೆ ಇದೆ. ನಾನು ಹೇಳಿಕೊಡುವಾಗ ಹತ್ತುವುದಕ್ಕಿಂತ ಇಳಿಯುವುದನ್ನೇ ಹೆಚ್ಚು ಗಮನಿಸುತ್ತೇನೆ. ಬಲಗಾಲು ಸ್ಟೆಪ್ ಮೇಲಿದೆ ಅಂದುಕೊಳ್ಳಿ. ಎಡಗಾಲನ್ನು ಒಂದು, ಎರಡು, ಮೂರು ಅಂತ ಎಣಿಸುತ್ತಾ ಹಿಂದಕ್ಕೆ ಇಳಿಸಿ. ಮೂರಕ್ಕೆ ಬೆರಳ ತುದಿ ಸದ್ದಿಲ್ಲದೆ ನೆಲ ಮುಟ್ಟಬೇಕು. ಎರಡಕ್ಕೇ ಧೊಪ್ಪೆಂದು ಬಿದ್ದರೆ, ಬಲ ಮಂಡಿ ಒಳಮುಖವಾಗಿ ಸರಿದರೆ, ಎತ್ತರ 2 ಇಂಚು ಇಳಿಸಿ. ಹತ್ತುವಾಗಲೂ ಕೆಳಗಿನ ಕಾಲಿನ ಬೆರಳು ನೆಲವನ್ನು ಒದ್ದು ಸಹಾಯ ಮಾಡುತ್ತಿರುತ್ತದೆ, ಎಷ್ಟೋ ಜನಕ್ಕೆ ಇದು ಗೊತ್ತೇ ಆಗುವುದಿಲ್ಲ. ಆ ಪಾದದ ಬೆರಳುಗಳನ್ನು ಮೇಲಕ್ಕೆತ್ತಿ ಹಿಮ್ಮಡಿ ಮೇಲೆ ನಿಂತು ಹತ್ತಿ ನೋಡಿ. ಆಗ ಮೇಲಿನ ಕಾಲಿಗೆ ಎಷ್ಟು ಶಕ್ತಿ ಇದೆ ಅಂತ ನಿಜವಾಗಿ ತಿಳಿಯುತ್ತದೆ.

6 ಇಂಚಿನಲ್ಲಿ ಪ್ರತಿ ಕಾಲಿಗೆ 12 ಸಲ ಹೀಗೆ ನೀಟಾಗಿ ಬಂದರೆ ತಕ್ಷಣ ಎತ್ತರ ಏರಿಸಲು ಹೋಗಬೇಡಿ. ಮೊದಲು ಕೈಗೆ 2 ಕೆ.ಜಿ. ಡಂಬೆಲ್ ಜೋಡಿ ತೆಗೆದುಕೊಳ್ಳಿ, ಆಮೇಲೆ 3, ಆಮೇಲೆ 4. ಶಕ್ತಿ ಬೆಳೆಸಲು ತೂಕ ಏರಿಸುವುದೇ ನನಗೆ ಹೆಚ್ಚು ಒಪ್ಪಿಗೆಯಾದ ದಾರಿ. ತೂಕವನ್ನು ಸ್ವಲ್ಪ ಸ್ವಲ್ಪವೇ ಏರಿಸಬಹುದು, ಕಾಲಿನ ಭಂಗಿ ಕೆಡುವುದಿಲ್ಲ. ಸ್ಟೆಪ್‌ನ ಒಂದೊಂದು ಬ್ಲಾಕ್ ಮಾತ್ರ ಒಮ್ಮೆಲೇ 2 ಇಂಚು ಏರಿಸಿಬಿಡುತ್ತದೆ.

ಇನ್ನು ಮಲಗಿ ಮಾಡುವ ವ್ಯಾಯಾಮ. ಇಲ್ಲಿ ಉದ್ದ ಮುಖ್ಯ. ತಲೆಯಿಂದ ಸೊಂಟದ ಕೆಳಗಿನವರೆಗೆ ಆಧಾರ ಸಿಗಬೇಕು, ಪಾದ ನೆಲದ ಮೇಲಿರಬೇಕು. ಚಿಕ್ಕ ಸ್ಟೆಪ್‌ಗಳು ಸುಮಾರು 28 ಇಂಚು ಉದ್ದ, 11 ಇಂಚು ಅಗಲ ಇರುತ್ತವೆ. ಅದರಲ್ಲಿ ಮಲಗಿದರೆ ಒಂದೋ ತಲೆ ಜೋತಾಡುತ್ತದೆ, ಇಲ್ಲಾ ಸೊಂಟ. ಜಿಮ್‌ಗಳಲ್ಲಿ ಇಡುವ ದೊಡ್ಡದು 40 ಇಂಚಿಗಿಂತ ಉದ್ದ, 14ರಿಂದ 16 ಇಂಚು ಅಗಲ. ನಿಮಗೆ ಅದೇ ಸರಿ. ಇದಕ್ಕೆ ಬ್ಲಾಕ್ ಸೇರಿಸಿ 8 ಇಂಚು ಅಥವಾ ಸ್ವಲ್ಪ ಮೇಲೆ ಮಾಡಿಕೊಳ್ಳಿ. 4 ಇಂಚಿನಲ್ಲಿ ಡಂಬೆಲ್ ಇಳಿಸುವ ಮೊದಲೇ ಮೊಣಕೈ ನೆಲಕ್ಕೆ ತಾಗಿಬಿಡುತ್ತದೆ.

ಪುಷ್‌ಅಪ್‌ಗೆ ಲೆಕ್ಕ ತಿರುವುಮುರುವು. ಕೈ ಸ್ಟೆಪ್ ಮೇಲಿಟ್ಟರೆ ಎತ್ತರ ಜಾಸ್ತಿಯಾದಷ್ಟೂ ಸುಲಭ, ಕಾಲು ಮೇಲಿಟ್ಟರೆ ಕಷ್ಟ. ಹಿಮ್ಮಡಿ ಎತ್ತಿ ಇಳಿಸುವ ಮೀನಖಂಡದ ವ್ಯಾಯಾಮಕ್ಕೆ 4 ಇಂಚು ಧಾರಾಳ ಸಾಕು. ಒಂದೇ ದಿನದಲ್ಲಿ ಇಷ್ಟೆಲ್ಲ ಬದಲಾಗುವುದರಿಂದಲೇ ಬ್ಲಾಕ್ ಇರುವುದು ತೆಗೆದುಕೊಳ್ಳಿ ಅಂದಿದ್ದು.

ಕೊಳ್ಳುವಾಗ ಬ್ಲಾಕ್‌ಗಳನ್ನು ಜೋಡಿಸಿ, ನಾಲ್ಕೂ ಮೂಲೆಯನ್ನು ಒಂದೊಂದಾಗಿ ಹಿಮ್ಮಡಿಯಿಂದ ಒತ್ತಿ ನೋಡಿ. ಎದುರಿನ ಮೂಲೆ ಎದ್ದರೆ ಬಿಟ್ಟುಬಿಡಿ. ಮೇಲ್ಭಾಗ ಜಾರಬಾರದು, ಕೆಳಗೆ ರಬ್ಬರ್ ಇರಬೇಕು. ಎಷ್ಟು ತೂಕ ತಡೆಯುತ್ತದೆ ಅಂತ ಬರೆದಿರುವುದನ್ನು ನಿಮ್ಮ ತೂಕಕ್ಕೆ ಡಂಬೆಲ್ ತೂಕ ಸೇರಿಸಿ ನೋಡಬೇಕು. ಮುಂದೆ 8 ಕೆ.ಜಿ. ಡಂಬೆಲ್ ಜೋಡಿ ಹಿಡಿದರೂ 62ಕ್ಕೆ ಎರಡು 8 ಸೇರಿ 78 ಕೆ.ಜಿ. ಆಯಿತು, ಅದಕ್ಕಿಂತ ಸಾಕಷ್ಟು ಜಾಸ್ತಿಯೇ ಇರಲಿ. ಕಾಲಿಡುವಾಗ ಯಾವಾಗಲೂ ನಡುಭಾಗಕ್ಕೆ ಇಡಿ. ಬ್ಲಾಕ್‌ನಿಂದ ಆಚೆ ಚಾಚಿರುವ ತುದಿಗೆ ತೂಕ ಬಿದ್ದರೆ ಮಗುಚಬಹುದು. ಮಂಡಿಯಲ್ಲಿ ನೋವು ಕಾಣಿಸಿಕೊಂಡರೆ ಅವತ್ತಿಗೆ ನಿಲ್ಲಿಸಿ. ಮತ್ತೆ ಮತ್ತೆ ಬಂದರೆ ವೈದ್ಯರಿಗೆ ತೋರಿಸಿ, ಸುಮ್ನೆ ಸಹಿಸಿಕೊಂಡು ಮಾಡಬೇಡಿ.

ಪ್ರಶ್ನೆ: ಸ್ಟೆಪ್ ಇದೆ. ಜೊತೆಗೆ ಬೇರೆ ಬೇರೆ ಡಂಬೆಲ್ ಜೋಡಿ ಕೊಳ್ಳಲೋ, ತೂಕ ಬದಲಿಸುವ ಒಂದೇ ಸೆಟ್ ಸಾಕೋ? ಎಳೆದು ವ್ಯಾಯಾಮ ಮಾಡುವ ರಬ್ಬರ್ ಬ್ಯಾಂಡ್ ಬೇಕೇ?

ಉತ್ತರ: ಜಾಗ ಕಡಿಮೆ ಇದ್ದರೆ ತೂಕ ಬದಲಿಸುವ ಸೆಟ್ ಒಳ್ಳೆಯದು, ಆದರೆ ಒಂದು ಕೆ.ಜಿ. ಆಸುಪಾಸಿನ ಸಣ್ಣ ಹೆಜ್ಜೆಯಲ್ಲಿ ಏರುವಂಥದ್ದಿರಲಿ. 10ರಿಂದ 12ಕ್ಕೆ ಹೋದರೆ ಐದನೇ ಒಂದು ಪಾಲು ಏರಿಕೆ. 2ರಿಂದ 4ಕ್ಕೆ ಹೋದರೆ ಎರಡು ಪಟ್ಟು! ಭುಜದ ವ್ಯಾಯಾಮದಲ್ಲಿ ಎಷ್ಟೋ ಜನ ಸೋಲುವುದು ಇಲ್ಲೇ. ತಲೆಯ ಮೇಲೆ ಎತ್ತುವ ಮೊದಲು ಲಾಕ್ ಸರಿಯಾಗಿ ಬಿದ್ದಿದೆಯಾ ಅಂತ ಪ್ರತಿ ಸಲ ನೋಡಿ.

ಬ್ಯಾಂಡ್ ಖಂಡಿತ ಬೇಕು. ಮನೆಯ ವ್ಯಾಯಾಮದಲ್ಲಿ ತಳ್ಳುವುದು ಜಾಸ್ತಿ, ಎಳೆಯುವುದು ಕಡಿಮೆ. ಹಾಗಾಗಿ ಬೆನ್ನು ಹಿಂದೆ ಉಳಿಯುತ್ತದೆ. ಬ್ಯಾಂಡನ್ನು ಬಾಗಿಲಿಗೆ ಸಿಕ್ಕಿಸುವ ಪಟ್ಟಿಯ ಜೊತೆ ತೆಗೆದುಕೊಂಡರೆ ಎಳೆಯುವ ವ್ಯಾಯಾಮ ಸುಲಭವಾಗಿ ಆಗುತ್ತದೆ. ಬಾಗಿಲು ನಿಮ್ಮ ಕಡೆಗೆ ತೆರೆದುಕೊಳ್ಳುವಂಥದ್ದಾದರೆ ಚಿಲಕ ಹಾಕಿಯೇ ಎಳೆಯಿರಿ. ರಬ್ಬರಿನಲ್ಲಿ ಸಣ್ಣ ಬಿರುಕು ಕಂಡರೂ ಆ ಬ್ಯಾಂಡ್ ಎಸೆದುಬಿಡಿ.

ಪ್ರಶ್ನೆ: ಸ್ಟೆಪ್ ಬದಲು ಸ್ಟೂಲ್ ಅಥವಾ ಮನೆಯ ಮೆಟ್ಟಿಲು ಬಳಸಬಹುದೇ?

ಉತ್ತರ: ಸ್ಟೂಲ್ ಬೇಡವೇ ಬೇಡ. ಅದು ಕೂರಲು ಮಾಡಿದ್ದು, ಅಂಚಿಗೆ ಕಾಲಿಟ್ಟರೆ ಉರುಳುತ್ತದೆ. ಮೆಟ್ಟಿಲು ತುಂಬಾ ಒಳ್ಳೆಯದು. ಸಾಮಾನ್ಯವಾಗಿ 6ರಿಂದ 7 ಇಂಚು ಇರುತ್ತದೆ, ಅಲುಗಾಡುವುದಿಲ್ಲ, ಹಿಡಿದುಕೊಳ್ಳಲು ಕಂಬಿಯೂ ಇರುತ್ತದೆ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲನ್ನೇ ಬಳಸಿ, ಹಿಮ್ಮಡಿ ಸಹಿತ ಇಡೀ ಪಾದ ಅದರ ಮೇಲಿರಲಿ, ಬರಿಗಾಲಲ್ಲಿ ಅಥವಾ ಶೂ ಹಾಕಿ ಮಾಡಿ. ಸಾಕ್ಸ್ ಮಾತ್ರ ಹಾಕಿಕೊಂಡು ಹತ್ತಬೇಡಿ.