ಗರ್ಭಗುಡಿಯ ಮುಂದೆ ಬಲಗೈ ಖಾಲಿ ಇರಲಿ

ಪ್ರಶ್ನೆ: ಇದುವರೆಗೆ ಯಾವ ದೇವಸ್ಥಾನದ ಒಳಗೂ ಹೋದವಳಲ್ಲ. ಗೆಳತಿಯ ಮನೆಯವರ ಜತೆ ಶಿವನ ಗುಡಿಗೆ ಹೋಗಬೇಕಿದೆ. ಆರತಿ, ತೀರ್ಥ ತೆಗೆದುಕೊಳ್ಳುವುದು ಹೇಗೆ? ನಮಸ್ಕಾರ ಎಲ್ಲಿ ಮಾಡಬೇಕು? ಗೋತ್ರ ಕೇಳಿದರೆ ಏನು ಹೇಳಲಿ?

ಉತ್ತರ: ಅಳುಕಬೇಡಿ. ಹೊಸಬರು ತಡಬಡಾಯಿಸುವುದು ಹೆಚ್ಚಾಗಿ ಗರ್ಭಗುಡಿಯ ಮುಂದಿನ ಒಂದೆರಡು ನಿಮಿಷದಲ್ಲಿ. ಕಾರಣ ಸಣ್ಣದು: ಬಲಗೈಯಲ್ಲಿ ಮೊಬೈಲೋ ಚೀಲವೋ ಇರುತ್ತದೆ, ಅರ್ಚಕರು ಎದುರಿಗೆ ಬಂದುಬಿಡುತ್ತಾರೆ. ಆಗ ಎಡಗೈ ಮುಂದೆ ಬರುತ್ತದೆ. ಎಡಗೈಯಲ್ಲಿ ತೀರ್ಥ, ಪ್ರಸಾದ ತೆಗೆದುಕೊಳ್ಳುವ ವಾಡಿಕೆಯಿಲ್ಲ. ಒಳಗೆ ಹೋಗುವ ಮೊದಲೇ ಕೈ ಖಾಲಿ ಮಾಡಿಕೊಳ್ಳಿ, ಹೊಸ್ತಿಲು ತುಳಿಯದೆ ದಾಟಿ. ದೇವರಿಗೂ ನಂದಿಗೂ ನಡುವೆ ನಿಲ್ಲದೆ ಒಂದು ಪಕ್ಕಕ್ಕೆ ಸರಿದು ನಿಲ್ಲಿ.

ಮಂಗಳಾರತಿ ತಟ್ಟೆ ಬಂದಾಗ ಎರಡೂ ಅಂಗೈಯನ್ನು ಜ್ವಾಲೆಯ ಮೇಲೆ ತುಸು ಎತ್ತರದಲ್ಲಿ ಒಡ್ಡಿ ಕಣ್ಣಿಗೊತ್ತಿಕೊಳ್ಳಿ. ಸೆರಗು, ದುಪಟ್ಟಾ ಮುಂದಕ್ಕೆ ಜಾರದಂತೆ ನೋಡಿಕೊಳ್ಳಿ, ಕರ್ಪೂರದ ಉರಿ ಬೇಗ ತಗಲುತ್ತದೆ. ಕಾಣಿಕೆ ಹಾಕುವುದಿದ್ದರೆ ತಟ್ಟೆಗೆ ಅಥವಾ ಹುಂಡಿಗೆ ಹಾಕಿ, ಕಡ್ಡಾಯವೇನಿಲ್ಲ. ತೀರ್ಥಕ್ಕೆ ಎಡಗೈ ಕೆಳಗೆ, ಬಲಗೈ ಮೇಲೆ. ಬಲಗೈಯ ತೋರುಬೆರಳು ಮಡಿಸಿ ಅದರ ಮೇಲೆ ಹೆಬ್ಬೆರಳಿಟ್ಟರೆ ಅಂಗೈಯಲ್ಲಿ ಗುಳಿ ಬೀಳುತ್ತದೆ. ಉದ್ಧರಣೆಯಿಂದ, ಅಂದರೆ ತೀರ್ಥ ಹಾಕುವ ಪುಟ್ಟ ಚಮಚದಿಂದ, ಬೀಳುವ ನೀರು ಅಲ್ಲಿ ನಿಲ್ಲುತ್ತದೆ. ಅಂಗೈ ಚಪ್ಪಟೆಯಾಗಿ ಹಿಡಿದವರದು ಬೆರಳ ಸಂದಿಯಿಂದ ಸೋರಿ ಹೋಗುತ್ತದೆ. ಸದ್ದಿಲ್ಲದೆ ಕುಡಿದು, ಉಳಿದ ತೇವವನ್ನು ತಲೆಗೆ ಸವರಿಕೊಳ್ಳಿ. ಆಮೇಲೆ ಭಸ್ಮ, ಕುಂಕುಮ, ಹೂವು. ಇವನ್ನೂ ಬಲಗೈಯಲ್ಲೇ ತೆಗೆದುಕೊಳ್ಳಿ. ವಿಷ್ಣು ದೇವಾಲಯಕ್ಕೆ ಹೋದಾಗ ತಲೆಯ ಮೇಲೆ ಕಿರೀಟದಂಥದ್ದನ್ನು ಇಡುತ್ತಾರೆ. ಅದು ಶಠಾರಿ, ತಲೆ ಬಾಗಿಸಿದರೆ ಸಾಕು.

ಪ್ರದಕ್ಷಿಣೆಯಲ್ಲಿ ದೇವರು ಸದಾ ನಿಮ್ಮ ಬಲಕ್ಕಿರಬೇಕು. ಶಿವನ ಗುಡಿಯಲ್ಲಿ ಇನ್ನೊಂದು ಎಚ್ಚರಿಕೆ: ಅಭಿಷೇಕದ ನೀರು ಹೊರಬೀಳುವ ಗೋಮುಖವನ್ನು ದಾಟುವುದಿಲ್ಲ. ಅಲ್ಲಿವರೆಗೆ ಹೋಗಿ ಬಂದ ದಾರಿಯಲ್ಲೇ ಹಿಂತಿರುಗುತ್ತಾರೆ. ಹಿಂದಿನಿಂದ ಬರುವವರಿಗೆ ಡಿಕ್ಕಿಯಾಗದಂತೆ ಅಂಚಿಗೆ ಸರಿದು ತಿರುಗಿ.

ಉದ್ದಂಡ ನಮಸ್ಕಾರ ಧ್ವಜಸ್ತಂಭದ ಬಳಿ, ಹೊರಗಡೆ. ಒಳಗೆ ಮಲಗಿದರೆ ಕಾಲು ಇನ್ನೊಂದು ಸನ್ನಿಧಿಯ ಕಡೆಗೆ ಚಾಚುತ್ತದೆ. ಹೆಂಗಸರು ಮಂಡಿಯೂರಿ ಹಣೆ ನೆಲಕ್ಕೆ ತಾಗಿಸುವುದು ರೂಢಿ.

ಗೋತ್ರ, ನಕ್ಷತ್ರ ಕೇಳುವುದು ಅರ್ಚನೆ ಮಾಡಿಸಿದಾಗ ಮಾತ್ರ. ಗೊತ್ತಿಲ್ಲ ಎಂದು ನೇರವಾಗಿ ಹೇಳಿ. ನಿಮ್ಮ ಹೆಸರಷ್ಟೇ ಹೇಳಿ ಸಂಕಲ್ಪ ಮಾಡುತ್ತಾರೆ, ಇಲ್ಲವೇ ಕಾಶ್ಯಪ ಗೋತ್ರ ಎನ್ನುತ್ತಾರೆ. ನಾಚಿಕೆಯ ಮಾತೇ ಅಲ್ಲ. ತೆರೆ ಎಳೆದಿದ್ದರೆ ಅಲಂಕಾರವೋ ನೈವೇದ್ಯವೋ ನಡೆದಿದೆ ಎಂದರ್ಥ, ಇಣುಕದೆ ಕಾಯಿರಿ. ಬೆಳಗ್ಗೆಯೇ ಹೋಗುವುದು ಒಳ್ಳೆಯದು. ಬಹಳಷ್ಟು ಗುಡಿಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ, ಬಿಸಿಲೇರಿದ ಮೇಲೆ ಪ್ರಾಕಾರದ ಕಲ್ಲುಹಾಸು ಬರಿಗಾಲಿಗೆ ಸುಡುತ್ತದೆ.

ಪ್ರಶ್ನೆ: ಗಂಡಸರು ಅಂಗಿ ತೆಗೆಯಲೇಬೇಕೆ?

ಉತ್ತರ: ಎಲ್ಲ ಕಡೆ ಇಲ್ಲ. ಧರ್ಮಸ್ಥಳದಲ್ಲಿ ಅಂಗಿ, ಬನಿಯನ್ ಎರಡನ್ನೂ ತೆಗೆದೇ ಒಳಗೆ ಹೋಗಬೇಕು. ಗುರುವಾಯೂರಿನಲ್ಲಿ ಪಂಚೆಯೂ ಬೇಕು. ಹೊರಡುವ ಮೊದಲು ಒಂದು ವಿಷಯ ವಿಚಾರಿಸಿಕೊಳ್ಳಿ: ಗುರುವಾಯೂರು, ಪುರಿ ಜಗನ್ನಾಥದಂಥ ಕೆಲವು ದೇವಾಲಯಗಳಲ್ಲಿ ಹಿಂದೂಗಳಲ್ಲದವರಿಗೆ ಪ್ರವೇಶವಿಲ್ಲ. ಜತೆಗೆ ಅಂಥ ಗೆಳೆಯರಿದ್ದರೆ ಬಾಗಿಲವರೆಗೆ ಕರೆದೊಯ್ದು ಅವರನ್ನು ನೋಯಿಸಬೇಡಿ.