ಪ್ರತಿಕ್ರಿಯೆ: ಮನೆಯ ಹಿಂದಿನ ಹುಲ್ಲುಗಾವಲು ಉಳಿಯುತ್ತದೆಯೇ?

ನಮಸ್ಕಾರ. ಇಂಗ್ಲೆಂಡಿನ ಹಳ್ಳಿಯಲ್ಲಿ ನಿಮ್ಮ ಮನೆಯ ಹಿಂದಿರುವ ಹುಲ್ಲುಗಾವಲು ‘ಗ್ರೇ ಬೆಲ್ಟ್’ ನಿಯಮದಿಂದ ಬಡಾವಣೆಯ ಪಾಲಾಗುತ್ತದೆಯೇ ಎಂದು ಕೇಳಿದ್ದೀರಿ. ತಾನಾಗಿಯೇ ಆಗುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ಯೋಜನಾ ನೀತಿಯ ಪ್ರಕಾರ, ಗ್ರೀನ್ ಬೆಲ್ಟ್ (ನಗರಗಳ ಸುತ್ತ ಕಟ್ಟಡಗಳಿಗೆ ಬಿಗಿ ನಿರ್ಬಂಧವಿರುವ ಹಸಿರು ಪಟ್ಟಿ) ಒಳಗೆ, ಹಿಂದೆಯೇ ಕಟ್ಟಡ ಕಂಡ ಜಾಗವಾಗಿರಲಿ ಬೇರೆ ಜಾಗವಾಗಿರಲಿ, ನಗರ ಹರಡುವುದನ್ನು ಅಥವಾ ಪಟ್ಟಣಗಳು ಬೆಸೆದುಕೊಳ್ಳುವುದನ್ನು ತಡೆಯುವಲ್ಲಿ, ಐತಿಹಾಸಿಕ ಪಟ್ಟಣದ ಪರಿಸರ ಕಾಯುವಲ್ಲಿ ಬಲವಾದ ಪಾತ್ರವಿಲ್ಲದ ಜಾಗ ಮಾತ್ರ ಗ್ರೇ ಬೆಲ್ಟ್.

ನೀವು ನಿಜವಾಗಿ ಗಮನಿಸಬೇಕಾದದ್ದು ಬೇರೆ. ಊರವರು 20 ವರ್ಷ ಯಾರ ಅನುಮತಿಯನ್ನೂ ಪಡೆಯದೆ, ಮುಚ್ಚುಮರೆಯಿಲ್ಲದೆ ಆಟಕ್ಕೆ, ಅಡ್ಡಾಟಕ್ಕೆ ಬಳಸಿದ ಜಾಗವನ್ನು 2006ರ ಕಾಮನ್ಸ್ ಕಾಯ್ದೆಯಡಿ ‘ವಿಲೇಜ್ ಗ್ರೀನ್’ (ಕಟ್ಟಡಗಳಿಂದ ರಕ್ಷಣೆಯಿರುವ ಊರ ಬಯಲು) ಎಂದು ನೋಂದಾಯಿಸಲು ಅರ್ಜಿ ಹಾಕಬಹುದು. ಆದರೆ 2013ರ ಕಾನೂನು ಬದಲಾವಣೆಯ ನಂತರ, ಆ ಜಾಗದಲ್ಲಿ ಕಟ್ಟಲು ಕೋರಿದ ಅರ್ಜಿ ಒಮ್ಮೆ ಪ್ರಕಟವಾಯಿತೆಂದರೆ ನಿಮಗೆ ಆ ದಾರಿ ಮುಚ್ಚುತ್ತದೆ. ದಯವಿಟ್ಟು ಕಾಯಬೇಡಿ! ಹಳೆಯ ಫೋಟೊಗಳನ್ನೂ ಊರ ಹಿರಿಯರ ಲಿಖಿತ ಹೇಳಿಕೆಗಳನ್ನೂ ಈಗಲೇ ಕೂಡಿಸಿ. ಜೊತೆಗೆ, ಊರವರೇ ಭೂಬಳಕೆಗಾಗಿ ರೂಪಿಸುವ ನೆರೆಹೊರೆ ಯೋಜನೆಯಲ್ಲಿ ಅದನ್ನು ‘ಲೋಕಲ್ ಗ್ರೀನ್ ಸ್ಪೇಸ್’ (ರಕ್ಷಣೆ ಪಡೆದ ಊರ ಹಸಿರು ಜಾಗ) ಎಂದು ಗುರುತಿಸುವಂತೆ ಹಳ್ಳಿಯ ಆಡಳಿತ ಮಂಡಳಿಯಾದ ಪ್ಯಾರಿಷ್ ಕೌನ್ಸಿಲ್ಲನ್ನು ಒತ್ತಾಯಿಸಿ.

ಹಾಗೆಂದು ಊರಿಗೆ ಬರುವ ಪ್ರತಿಯೊಂದು ಮನೆಯನ್ನೂ ವಿರೋಧಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಸರ್ಕಾರದ ಗುರಿ 15 ಲಕ್ಷ ಮನೆಗಳು. ಬಾಡಿಗೆ ತೆತ್ತು ಸೋತ ಕುಟುಂಬಗಳಿಗೆ ಅವು ಬೇಕೇ ಬೇಕು. ಊರಲ್ಲಿ ಪಾಳುಬಿದ್ದ ಗ್ಯಾರೇಜು, ಗೋದಾಮು ಇದ್ದರೆ ಆ ಜಾಗವನ್ನು ನೀವೇ ಮುಂದಾಗಿ ಸೂಚಿಸಿ.