ಬಾಕಿ ಉಳಿದ ಮುಡಿ

“ಅಮ್ಮನ ಮುಂದೆ ಕ್ಯಾನ್ಸರ್ ಅನ್ನಬೇಡಿ ಮೇಡಂ. ಸುಮ್ನೆ ಒಂದಿಷ್ಟು ಧೈರ್ಯ ಹೇಳಿ.”

ಆಪ್ತಸಲಹೆಗಾರಳಾಗಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ಹೆಚ್ಚಾಗಿ ಮಕ್ಕಳು. ಅದೂ ಬಾಗಿಲ ಹೊರಗೆ ನಿಂತು, ತಾಯಿಯನ್ನು ಒಳಗೆ ಕೂರಿಸಿ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಬನಶಂಕರಿ ಕಡೆಯ ಮನೆ. ತಾಯಿಗೆ 67 ವರ್ಷ. ತಲೆಯ ಹಿಂಭಾಗದಲ್ಲಿ ಗೋಲಿಯಷ್ಟು ಗಂಟು, 20 ವರ್ಷದಿಂದ ಇತ್ತು. ಬಾಚಣಿಗೆ ತಾಗಿದಾಗ ಮಾತ್ರ ನೆನಪಾಗುತ್ತಿತ್ತಂತೆ. ಕಳೆದ ವರ್ಷ ಇದ್ದಕ್ಕಿದ್ದಂತೆ ಬೆಳೆಯತೊಡಗಿತು. ಒಂದು ಕ್ಲಿನಿಕ್ಕಿನಲ್ಲಿ ‘ಕೊಬ್ಬಿನ ಗಡ್ಡೆ’ ಎಂದು ತೆಗೆದರು. ತೆಗೆದ ತುಂಡನ್ನು ಪರೀಕ್ಷೆಗೆ ಕಳಿಸಲಿಲ್ಲ. ಕೆಲವೇ ತಿಂಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಬಂತು, ಈ ಸಲ ಹುಣ್ಣಾಗಿ. ಬಯಾಪ್ಸಿಯಲ್ಲಿ ಗೊತ್ತಾಯಿತು: ಕೂದಲ ಬೇರನ್ನು ಸುತ್ತಿರುವ ಪದರದ ಜೀವಕೋಶಗಳಿಂದ ಹುಟ್ಟುವ ಅಪರೂಪದ ಕ್ಯಾನ್ಸರ್. ಡಾಕ್ಟರುಗಳು ಮ್ಯಾಲಿಗ್ನೆಂಟ್ ಪ್ರೊಲಿಫರೇಟಿಂಗ್ ಟ್ರೈಕಿಲೆಮ್ಮಲ್ ಟ್ಯೂಮರ್ ಅನ್ನುತ್ತಾರೆ. ವಯಸ್ಸಾದ ಹೆಂಗಸರಲ್ಲಿ, ತಲೆಯ ಮೇಲೆಯೇ ಜಾಸ್ತಿ.

ತಲೆಯಲ್ಲಿ ಗಂಟಿರುವವರು ಇದನ್ನು ಓದಿ ಗಾಬರಿಯಾಗಬೇಡಿ. ಅಂಥ ಗಂಟುಗಳಲ್ಲಿ ಬಹುಪಾಲು ಕೊನೆಯವರೆಗೂ ಏನೂ ಮಾಡುವುದಿಲ್ಲ. ತೆಗೆಸಿದರೆ ಮಾತ್ರ, ತುಂಡು ಲ್ಯಾಬಿಗೆ ಹೋಯಿತಾ ಎಂದು ಕೇಳಿ. ಕೇಳಲು ಸಂಕೋಚ ಬೇಡ.

ಆಪರೇಷನ್ ದಿನಾಂಕ ಎರಡು ಸಲ ತಪ್ಪಿತು. ಮೊದಲು ತಿರುಪತಿಗೆ ಹೋಗಬೇಕು ಎಂದು ತಾಯಿಯ ಹಟ. ಹೆದರಿಕೆಗೆ ನೆಪ ಹೇಳುತ್ತಿದ್ದಾರೆ ಎಂದುಕೊಂಡು ಮಗ ನನ್ನ ಹತ್ತಿರ ಕರೆತಂದರು.

ಅರ್ಧ ಗಂಟೆ ಮೊಮ್ಮಗಳ ಶಾಲೆ, ಮನೆಗೆ ಬಾರದ ಕಾವೇರಿ ನೀರು, ಇದೇ ಮಾತು. ನಾನು ತಡೆಯಲಿಲ್ಲ. ಆಮೇಲೆ ತಾಯಿಯೇ ಕೇಳಿದರು, “ನೋಡಮ್ಮ, ಇದಕ್ಕೆ ಬೇರೆಲ್ಲೂ ಜಾಗ ಇರಲಿಲ್ವಾ? ಕೂದಲ ಬುಡಕ್ಕೇ ಯಾಕೆ ಬಂತು?”

ಮಗನಿಗೆ ನಾಲ್ಕು ವರ್ಷವಿದ್ದಾಗ ಜ್ವರ ಬಂದು ಉಳಿಯುವುದೇ ಕಷ್ಟವಾಗಿತ್ತು. ಆಗ ತಿರುಪತಿ ತಿಮ್ಮಪ್ಪನಿಗೆ ಮುಡಿ ಕೊಡುತ್ತೇನೆಂದು ಹರಸಿಕೊಂಡಿದ್ದರು. ಮಗ ಉಳಿದ. ‘ಮುತ್ತೈದೆ ತಲೆ ಬೋಳಿಸಿಕೊಳ್ಳೋದಾ?’ ಎಂದು ಗಂಡ ಬೈದರು. ಹಾಗಾಗಿ ಇವರು ಬೆಟ್ಟದಲ್ಲಿ ಪೂರ್ತಿ ಮುಡಿಯ ಬದಲು ಮೂರು ಕತ್ತರಿ ಕೂದಲು ಮಾತ್ರ ಕೊಟ್ಟು ಬಂದರು.

“ಅಷ್ಟುದ್ದ ಜಡೆ ಇತ್ತು ನಂಗೆ. ಮೂರು ಕತ್ತರಿ ಕೊಟ್ಟು ಕೈ ತೊಳ್ಕೊಂಡೆ. ಈಗ ಉಳಿದಿದ್ದನ್ನ ಅವನೇ ತಗೋತಿದ್ದಾನೆ.”

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಮನೆಯವರು ಕಾಯಿಲೆಯ ಹೆಸರು ಮುಚ್ಚಿಟ್ಟಿದ್ದರು. ತಾಯಿ ತಾವೇ ಅದಕ್ಕೊಂದು ಹೆಸರಿಟ್ಟುಕೊಂಡಿದ್ದರು. ಹರಕೆ ಯಾರಿಗಾಗಿತ್ತೋ ಆ ಮಗನಿಗೇ ಇದು ಗೊತ್ತಿಲ್ಲ.

ಅವರ ಒಪ್ಪಿಗೆ ಕೇಳಿ ಮಗನನ್ನು ಒಳಗೆ ಕರೆದೆ. ತಾಯಿ ಮತ್ತೊಮ್ಮೆ ಎಲ್ಲ ಹೇಳಿದರು. ಮಗ ಅತ್ತರು. ಅಳುತ್ತಲೇ, ನಾನು ಹೇಳಿಸುವ ಮೊದಲೇ, “ಅಮ್ಮಾ, ಇದು ಕ್ಯಾನ್ಸರ್” ಅಂದರು.

“ಗೊತ್ತು ಕಣೋ. ಆಸ್ಪತ್ರೆ ಬೋರ್ಡ್ ಓದೋಕೆ ಬರಲ್ವಾ ನಂಗೆ?”

ಆಮೇಲೆ ನನ್ನ ಕೆಲಸ ಸಲೀಸಾಯಿತು. ಕೂದಲು ಕೊಟ್ಟದ್ದಕ್ಕೋ ಕೊಡದಿದ್ದಕ್ಕೋ ಈ ಗಡ್ಡೆ ಬರುವುದಿಲ್ಲ ಎಂದು ಹೇಳಿದೆ. ಮುಡಿ ಕೊಡಲೆಂದು ಈಗ ಹುಣ್ಣಿನ ಮೇಲೆ ಕತ್ತಿ ಆಡಿಸಿದರೆ ರಕ್ತ, ಸೋಂಕು. ತಡವಾದರೆ ಕತ್ತಿನ ಗ್ರಂಥಿಗಳಿಗೂ ಹರಡಬಹುದು. ಮುಖ್ಯ ಚಿಕಿತ್ಸೆ ಆಪರೇಷನ್ನೇ. ಸುತ್ತಲಿನ ಒಳ್ಳೆಯ ಚರ್ಮವನ್ನೂ ಸೇರಿಸಿ ಅಗಲವಾಗಿ ತೆಗೆದು, ಅಂಚಿನಲ್ಲಿ ಕ್ಯಾನ್ಸರ್ ಉಳಿದಿಲ್ಲವೆಂದು ಪರೀಕ್ಷಿಸುತ್ತಾರೆ. ತೊಡೆಯ ಚರ್ಮ ತಂದು ಹಚ್ಚಿದರೆ ಆ ಜಾಗದಲ್ಲಿ ತಲೆಗೂದಲು ಬೆಳೆಯುವುದಿಲ್ಲ. ಇದನ್ನೂ ಮುಚ್ಚಿಡಲಿಲ್ಲ.

ಹರಕೆ? ಮುಡಿಪು ಕಟ್ಟಿಡಿ ಅಂದೆ. ಗಾಯ ಪೂರ್ತಿ ಮಾಗಿ, ಸರ್ಜನ್ ಸರಿ ಅಂದಮೇಲೆ ಬೆಟ್ಟಕ್ಕೆ ಹೋಗಿ.

ಇದಕ್ಕೆ ನನ್ನ ಸಹೋದ್ಯೋಗಿಯೊಬ್ಬರು ಬೇಸರಪಟ್ಟರು. ಆಪ್ತಸಲಹೆಗಾರರು ಹರಕೆಗೆ ಕುಮ್ಮಕ್ಕು ಕೊಡಬಹುದಾ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಆದರೆ 67 ವರ್ಷದ ನಂಬಿಕೆಯನ್ನು ಒಂದು ಗಂಟೆಯಲ್ಲಿ ಕೆಡವಲು ಹೋಗಿದ್ದರೆ ಮೂರನೇ ದಿನಾಂಕವೂ ತಪ್ಪುತ್ತಿತ್ತು. ಗಡ್ಡೆ ಬೆಳೆಯುತ್ತಿತ್ತು. ನಾನು ವಾದ ಗೆಲ್ಲಲು ಕೂತಿರಲಿಲ್ಲ. ಮತ್ತೆ ಇಂಥವರು ಬಂದರೂ ಇದನ್ನೇ ಹೇಳುತ್ತೇನೆ. ಮಕ್ಕಳಿಗೆ ಹೇಳುವುದೂ ಅಷ್ಟೇ: ಕಾಯಿಲೆಯ ಹೆಸರು ಹೇಳಿ, ನೀವೇ ಹೇಳಿ. ಎಷ್ಟು ತಿಳಿಯಬೇಕೆಂದು ಅವರನ್ನೇ ಕೇಳಿಕೊಂಡು, ನಿಧಾನವಾಗಿ ಹೇಳಿ.

ಆ ಸಂಜೆಯೇ ಅರಿಶಿನದ ಬಟ್ಟೆಯಲ್ಲಿ 11 ರೂಪಾಯಿ ಕಟ್ಟಿ ದೇವರ ಮುಂದೆ ಇಟ್ಟರಂತೆ. ಮೂರನೇ ದಿನಾಂಕ ತಪ್ಪಲಿಲ್ಲ. ಆಪರೇಷನ್‌ಗೆ ಮುಂಚೆ ನರ್ಸ್ ಗಡ್ಡೆಯ ಸುತ್ತಲಿನ ಕೂದಲು ಕತ್ತರಿಸಿದಾಗ, ಅದನ್ನು ಕೇಳಿ ಪಡೆದು ಮಗನ ಕೈಗೆ ಕೊಟ್ಟರಂತೆ.

“ಮುಡಿಪಿನ ಜೊತೆಗಿಡು. ಇದೂ ಲೆಕ್ಕಕ್ಕೆ ಸೇರಲಿ.”